ಬಿಸಿ ಇದ್ದಾಗ ಸ್ಟಾರ್ಟ್ ಆಗಲು ಸತಾಯಿಸುವ ಸೆಕೆಂಡ್ ಹ್ಯಾಂಡ್ ಕಾರು: ದೋಷ ಎಲ್ಲಿದೆ ಅಂತ ಹುಡುಕುವ ಕ್ರಮ

ಏಪ್ರಿಲ್ ಬಂತೆಂದರೆ ಇದೇ ಪ್ರಶ್ನೆ ಶುರು. "ಸರ, ಮುಂಜಾನೆ ಒಂದ ಸೆಲ್ಫಿಗೆ ಗಾಡಿ ಎದ್ದ ಬಿಡ್ತೈತ್ರಿ. ಹೊಸಪೇಟಿ ಮುಟ್ಟಿ, ವಗ್ಗರಣಿ ಮಿರ್ಚಿ ತಿಂದು ಬಂದು ಕೀಲಿ ತಿರುವಿದ್ರ ಬರೇ ಕರ್ ಕರ್ ಅಂತೈತಿ, ಏಳಂಗಿಲ್ಲ." ಕೇಳುವವರು ಬಳ್ಳಾರಿಯವರಿರಬಹುದು, ಸಿಂಧನೂರಿನವರಿರಬಹುದು, ಗಂಗಾವತಿಯವರಿರಬಹುದು. ಗಾಡಿ ಬೇರೆ ಬೇರೆ, ಮಾತು ಮಾತ್ರ ಅದೇ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಎಲ್ಲವನ್ನೂ ಒಂದೇ ಕಡೆ ಹಾಕುತ್ತಿದ್ದೇನೆ.

ಮೊದಲು ಒಂದು ವಿಷಯ ತಲೆಗೆ ಹೋಗಬೇಕು. ಆ ಮಿರ್ಚಿ ತಿನ್ನುವ ಇಪ್ಪತ್ತು ನಿಮಿಷದಲ್ಲೇ ಎಲ್ಲ ಇದೆ. ಗಾಡಿ ಓಡುವಾಗ ಕೂಲೆಂಟ್, ಅಂದರೆ ಎಂಜಿನ್ ತಣ್ಣಗಿಡುವ ದ್ರವ, ಸುತ್ತುತ್ತಿರುತ್ತದೆ, ಮುಂದಿನಿಂದ ಗಾಳಿ ಬಡಿಯುತ್ತಿರುತ್ತದೆ. ಆಫ್ ಮಾಡಿದ ಕೂಡಲೇ ಎರಡೂ ನಿಂತವು. ಎಂಜಿನ್ನಿನ ಕಾವು ಹೊರಗೆ ಹೋಗಲು ದಾರಿ ಇಲ್ಲದೆ ಬಾನೆಟ್ ಒಳಗೇ ಏರುತ್ತದೆ. ಅಂದರೆ ಆಫ್ ಮಾಡಿದ ಮೇಲೆ 15ರಿಂದ 30 ನಿಮಿಷ ಬಾನೆಟ್ ಒಳಗಿನ ಸಾಮಾನುಗಳು ಓಡುವಾಗಿನದಕ್ಕಿಂತ ಜಾಸ್ತಿ ಬಿಸಿಯಾಗಿರುತ್ತವೆ. ಹೊರಗೆ 42 ಡಿಗ್ರಿ ಬಿಸಿಲಿದ್ದರೆ ಕೇಳುವುದೇ ಬೇಡ. ಎಂಜಿನ್ ತಿರುಗಿಸಿ ಎಬ್ಬಿಸುವ ಸೆಲ್ಫ್ ಮೋಟರ್, ಸೆನ್ಸರ್, ಪೆಟ್ರೋಲ್ ಪೈಪ್ ಇವುಗಳಲ್ಲಿ ಯಾವುದು ಸೊರಗಿದೆಯೋ ಅದು ಆಗಲೇ ಕೈ ಕೊಡುತ್ತದೆ. ಒಂದೂವರೆ ಗಂಟೆ ಬಿಟ್ಟರೆ ತಣ್ಣಗಾಗಿ ಮತ್ತೆ ಸರಿ.

ಇದರಿಂದಲೇ ಗ್ಯಾರೇಜಿನಲ್ಲಿ ಫಜೀತಿ. ನೀವು ಗಾಡಿ ಬಿಟ್ಟು ಬರುತ್ತೀರಿ, ಅವರ ಕೈಗೆ ಅದು ಸಿಗುವುದು ಮಧ್ಯಾಹ್ನ ಮೂರಕ್ಕೆ, ಅಷ್ಟರಲ್ಲಿ ನೆರಳಲ್ಲಿ ನಿಂತು ತಣ್ಣಗಾಗಿರುತ್ತದೆ, ಕೀಲಿ ಹಾಕಿದರೆ ಒಂದೇ ಸಲಕ್ಕೆ ಸ್ಟಾರ್ಟ್. "ಏನೂ ಇಲ್ರಿ, ಚಲೋ ಐತಲ್ರಿ" ಅಂತಾರೆ. ಅವರು ಸುಳ್ಳು ಹೇಳುತ್ತಿಲ್ಲ. ನೀವು ಮತ್ತೆ ಹೋಗಿ ಜಗಳ ಮಾಡಿದರೆ ಅಂದಾಜಿನ ಮೇಲೆ ಬ್ಯಾಟರಿ, ಆಮೇಲೆ ಪ್ಲಗ್, ಆಮೇಲೆ ಪಂಪ್, ಹೀಗೆ ಒಂದೊಂದೇ ಬದಲಾಗುತ್ತಾ ಹೋಗುತ್ತದೆ. ನಾನೂ ಕೆಎ-34 ನಂಬರಿನ ಹಳೆ ಹ್ಯಾಚ್‌ಬ್ಯಾಕ್ ಒಂದಕ್ಕೆ ಹೊಸ ಬ್ಯಾಟರಿ, ನಾಲ್ಕು ಪ್ಲಗ್ ಹಾಕಿಸಿದ ಮೇಲೆ ಕೊಳೆತ ಅರ್ಥಿಂಗ್ ವೈರ್ ಕಂಡುಹಿಡಿದವನೇ. ದೋಷ ಇರುವ ಹೊತ್ತಿನಲ್ಲಿ ಗಾಡಿ ಮುಂದೆ ಇರುವವರು ನೀವು ಮಾತ್ರ. ಹಾಗಾಗಿ ಪರೀಕ್ಷೆಯನ್ನೂ ನೀವೇ ಮಾಡಬೇಕು. ಬಿಚ್ಚುವುದು, ಜೋಡಿಸುವುದು ಬೇಕಾದರೆ ಆಮೇಲೆ ಅವರಿಗೆ ಬಿಡಿ.

ಏನೇನು ಬೇಕು

ಒಂದು ಡಿಜಿಟಲ್ ಮಲ್ಟಿಮೀಟರ್, ಸಾದಾದ್ದು ಸಾಕು. ದಪ್ಪನೆಯ ಜಂಪರ್ ಕೇಬಲ್ ಒಂದು ಜೊತೆ, ಸಣ್ಣ ತಂತಿಯದು ಬೇಡ. ಮೊಬೈಲಿಗೆ ಬ್ಲೂಟೂತ್‌ನಲ್ಲಿ ಕನೆಕ್ಟ್ ಆಗುವ ಓಬಿಡಿ ಸ್ಕ್ಯಾನರ್, ಅಂದರೆ ಸ್ಟಿಯರಿಂಗ್ ಕೆಳಗಿರುವ 16 ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಎಂಜಿನ್ನಿನ ಕಂಪ್ಯೂಟರ್ ಏನು ಲೆಕ್ಕ ಹಾಕುತ್ತಿದೆ ಅಂತ ತೋರಿಸುವ ಬೆಂಕಿಪೊಟ್ಟಣದಷ್ಟು ಸಾಧನ. ಕೀಲಿ ತಿರುಗಿಸಲು ಇನ್ನೊಬ್ಬರು. ಎರಡು ಹಳೆ ಬಟ್ಟೆ, ಒಂದು ಬಾಟಲಿ ನೀರು. ಇಷ್ಟೇ.

ಕೈ ಹಾಕುವ ಮುಂಚೆ ಸ್ವಲ್ಪ ಜೋಪಾನ. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್ ಬ್ರೇಕ್ ಎಳೆದಿರಲಿ. ರೇಡಿಯೇಟರ್ ಕ್ಯಾಪ್ ಬಿಸಿಯಲ್ಲಿ ಮುಟ್ಟಬೇಡಿ. ಎಂಜಿನ್ ಆಫ್ ಇದ್ದರೂ ಫ್ಯಾನ್ ತಾನಾಗೇ ತಿರುಗಬಹುದು, ಹೆಗಲ ಮೇಲಿನ ಟವೆಲ್ ಪಕ್ಕಕ್ಕಿಟ್ಟು ಬಗ್ಗಿ. ಸೆಲ್ಫ್ ಒಂದು ಸಲಕ್ಕೆ 10 ಸೆಕೆಂಡಿಗಿಂತ ಜಾಸ್ತಿ ಹೊಡೆಯಬೇಡಿ, ನಡುವೆ ಅರ್ಧ ನಿಮಿಷವಾದರೂ ಬಿಡಿ, ಇಲ್ಲದಿದ್ದರೆ ಇದ್ದ ಸೆಲ್ಫೂ ಸುಡುತ್ತದೆ. ಪೆಟ್ರೋಲ್ ವಾಸನೆ ಇದ್ದಲ್ಲಿ ಬೀಡಿ ಸಿಗರೇಟು ಬೇಡ ಅಂತ ಹೇಳಬೇಕಾಗಿಯೇ ಇಲ್ಲ, ಆದರೂ ಹೇಳುತ್ತಿದ್ದೇನೆ, ಯಾಕೆಂದರೆ ಸುತ್ತ ನಿಂತು ನೋಡುವವರ ಕೈಯಲ್ಲಿ ಇದ್ದೇ ಇರುತ್ತದೆ.

ಹಂತ 1: ಸೆಲ್ಫ್ ಸದ್ದು ರೆಕಾರ್ಡ್ ಮಾಡಿ

ಮುಂಜಾನೆ ತಣ್ಣಗಿದ್ದಾಗ ಸ್ಟಾರ್ಟ್ ಮಾಡುವ ಸದ್ದನ್ನು ಮೊಬೈಲ್‌ನಲ್ಲಿ ವಿಡಿಯೋ ಮಾಡಿ. ಮೀಟರ್ ಬೋರ್ಡ್ ಕಾಣುವಂತೆ ಹಿಡಿಯಿರಿ. ಆಮೇಲೆ ಅರ್ಧ ಗಂಟೆ ಓಡಿಸಿ, ಆಫ್ ಮಾಡಿ, 20 ನಿಮಿಷ ಬಿಟ್ಟು ಮತ್ತೆ ಅದೇ ಥರ ವಿಡಿಯೋ ಮಾಡುತ್ತಾ ಸ್ಟಾರ್ಟ್ ಮಾಡಿ. ಎರಡನ್ನೂ ಒಂದರ ಹಿಂದೆ ಒಂದು ಕೇಳಿ.

ಬಿಸಿಯಲ್ಲಿ ಸೆಲ್ಫ್ ಎಳೆದೆಳೆದು, ಎತ್ತು ಏರಿ ಹತ್ತಿದ ಹಾಗೆ "ಗುರ್ರ್… ಗುರ್ರ್…" ಅಂತ ನಿಧಾನ ತಿರುಗುತ್ತಿದ್ದರೆ ಅದು ಕರೆಂಟಿನ ಕಡೆಯ ದೋಷ. ಹಂತ 2ಕ್ಕೆ ಹೋಗಿ. "ಟಕ್" ಅಂತ ಒಂದೇ ಸದ್ದು ಬಂದು ಸುಮ್ಮನಾದರೂ ಅಲ್ಲಿಗೇ ಹೋಗಿ. ಸೆಲ್ಫ್ ಮುಂಜಾನೆಯಷ್ಟೇ ಚುರುಕಾಗಿ ತಿರುಗುತ್ತಿದೆ, ಆದರೆ ಎಂಜಿನ್ ಹತ್ತಿಕೊಳ್ಳುತ್ತಿಲ್ಲ ಅಂದರೆ ಬ್ಯಾಟರಿ, ಸೆಲ್ಫ್ ಎರಡೂ ನಿರಪರಾಧಿಗಳು. ಅವನ್ನು ಮರೆತು ಹಂತ 3ಕ್ಕೆ ಹೋಗಿ.

ಜನ ದುಡ್ಡು ಕಳೆದುಕೊಳ್ಳುವುದು ಇಲ್ಲೇ. "ಸ್ಟಾರ್ಟ್ ಆಗ್ತಿಲ್ಲ" ಅಂತ ಮಾತ್ರ ಹೇಳುತ್ತಾರೆ, ಯಾವ ಥರ ಆಗುತ್ತಿಲ್ಲ ಅಂತ ಹೇಳುವುದಿಲ್ಲ. ಕೇಳಿದವರು ಮೊದಲು ಬ್ಯಾಟರಿ ಅನ್ನುತ್ತಾರೆ.

ಹಂತ 2: ಸೆಲ್ಫ್ ನಿಧಾನ ತಿರುಗಿದರೆ

ಮುಂಜಾನೆ, ಗಾಡಿ ಮುಟ್ಟುವ ಮುಂಚೆ ಬ್ಯಾಟರಿ ವೋಲ್ಟೇಜ್ ನೋಡಿ. 12.6 ಇದ್ದರೆ ಪೂರ್ತಿ ಚಾರ್ಜ್. 12.2 ಅಂದರೆ ಅರ್ಧ ಖಾಲಿ. ಎಂಜಿನ್ ಓಡುವಾಗ 13.8ರಿಂದ 14.5ರ ನಡುವೆ ಇರಬೇಕು, ಇಲ್ಲದಿದ್ದರೆ ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿಲ್ಲ. ಇನ್ನು ಬಿಸಿಯಲ್ಲಿ ಸತಾಯಿಸುವ ಹೊತ್ತಿಗೆ, ಸೆಲ್ಫ್ ಹೊಡೆಯುತ್ತಿರುವಾಗಲೇ ಮೀಟರ್ ನೋಡಿ. 10ರ ಆಸುಪಾಸು ಇದ್ದರೆ ಪರವಾಗಿಲ್ಲ, 9.6ಕ್ಕಿಂತ ಕೆಳಗೆ ಬಿದ್ದರೆ ಒಂದೋ ಬ್ಯಾಟರಿ ಸೊರಗಿದೆ, ಇಲ್ಲವೇ ಸೆಲ್ಫ್ ಮೋಟರ್ ವಿಪರೀತ ಕರೆಂಟ್ ಎಳೆಯುತ್ತಿದೆ. ಬೇರೆ ಚೆನ್ನಾಗಿರುವ ಬ್ಯಾಟರಿ ಜಂಪರ್‌ನಲ್ಲಿ ಕೊಟ್ಟು ನೋಡಿದರೆ ಯಾವುದು ಅಂತ ಗೊತ್ತಾಗುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಬ್ಯಾಟರಿ ಬೇಗ ಹಾಳಾಗುತ್ತದೆ, ಅದು ನಿಜ. ನೀರು ಹಾಕುವ ಥರದ್ದಾದರೆ ಮೇ ತಿಂಗಳಲ್ಲಿ ಹದಿನೈದು ದಿನಕ್ಕೊಮ್ಮೆ ನೋಡಿ, ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ.

ವೋಲ್ಟೇಜ್ ಚೆನ್ನಾಗಿದೆ, ಆದರೂ ಸೆಲ್ಫ್ ನಿಧಾನ ಅಂದರೆ ದಾರಿಯಲ್ಲಿ ಎಲ್ಲೋ ಕರೆಂಟಿಗೆ ಅಡ್ಡಿಯಾಗುತ್ತಿದೆ. ನನ್ನ ಅನುಮಾನ ಮೊದಲು ಅರ್ಥಿಂಗ್ ಮೇಲೆ. ಬ್ಯಾಟರಿಯ ಮೈನಸ್‌ನಿಂದ ಬಾಡಿಗೆ ಒಂದು, ಎಂಜಿನ್ನಿಗೆ ಒಂದು ದಪ್ಪ ವೈರ್ ಅಥವಾ ಹೆಣೆದ ಪಟ್ಟಿ ಹೋಗಿರುತ್ತದೆ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಓಡಾಡಿದ ಗಾಡಿಯಾದರೆ ಒಮ್ಮೆ ಬ್ಯಾಟರಿ ಟ್ರೇ ಕೆಳಗೆ ಟಾರ್ಚ್ ಬಿಟ್ಟು ನೋಡಿ. ಕೆಂಪು ಧೂಳು, ಅದರ ಮೇಲೆ ವಾಶಿಂಗ್ ನೀರು, ಅದರ ಮೇಲೆ ಬ್ಯಾಟರಿ ಆಸಿಡ್ಡಿನ ಬಿಳಿ ಪುಡಿ, ಎಲ್ಲ ಸೇರಿ ಆ ಬೋಲ್ಟ್ ಯಾವುದು, ವೈರ್ ಯಾವುದು ಅಂತ ಗೊತ್ತಾಗದ ಹಾಗೆ ಗಟ್ಟಿಯಾಗಿರುತ್ತದೆ. ವೈರಿನ ಪ್ಲಾಸ್ಟಿಕ್ ಮೇಲೆ ಹೊಳೆಯುತ್ತಿರುತ್ತದೆ, ಒತ್ತಿ ನೋಡಿದರೆ ಒಳಗೆ ಹಸಿರು ಕಟ್ಟಿ ತಾಮ್ರ ಪುಡಿಪುಡಿ.

ಪರೀಕ್ಷೆ ತುಂಬಾ ಸುಲಭ. ಗಾಡಿ ಸತಾಯಿಸುತ್ತಿರುವ ಹೊತ್ತಿಗೆ ಜಂಪರ್ ಕೇಬಲ್ಲಿನ ಕಪ್ಪು ವೈರಿನ ಒಂದು ತುದಿಯನ್ನು ಬ್ಯಾಟರಿ ಮೈನಸ್‌ಗೆ, ಇನ್ನೊಂದನ್ನು ಎಂಜಿನ್ನಿನ ಬಣ್ಣವಿಲ್ಲದ ಗಟ್ಟಿ ಕಬ್ಬಿಣಕ್ಕೆ ಕಚ್ಚಿಸಿ. ಈಗ ಸೆಲ್ಫ್ ಹೊಡೆಯಿರಿ. ಎದ್ದು ಕೂತರೆ ಕಳ್ಳ ಸಿಕ್ಕ, ಅರ್ಥಿಂಗ್ ಪಟ್ಟಿ ಬದಲಿಸಿ, ಕೆಲವೇ ನೂರು ರೂಪಾಯಿಯ ಕೆಲಸ. ಮೀಟರ್‌ನಲ್ಲೇ ನೋಡಬೇಕೆಂದರೆ ಒಂದು ಕಡ್ಡಿ ಬ್ಯಾಟರಿಯ ಮೈನಸ್ ಕಂಬದ ಮೇಲೆ (ಕ್ಲಾಂಪ್ ಮೇಲಲ್ಲ, ಕಂಬದ ಮೇಲೇ), ಇನ್ನೊಂದು ಎಂಜಿನ್ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. 0.2 ವೋಲ್ಟಿನ ಒಳಗಿದ್ದರೆ ಸರಿ, ಅರ್ಧ ವೋಲ್ಟ್ ತೋರಿಸಿದರೆ ಕೆಟ್ಟಿದೆ. ಪ್ಲಸ್ ಕಡೆ, ಬ್ಯಾಟರಿ ಪ್ಲಸ್‌ನಿಂದ ಸೆಲ್ಫ್ ಮೋಟರಿನ ದಪ್ಪ ಬೋಲ್ಟ್‌ವರೆಗೆ, ಅರ್ಧ ವೋಲ್ಟ್ ಮೀರಬಾರದು.

ಎರಡೂ ಕಡೆ ಚೆನ್ನಾಗಿದ್ದರೆ ಉಳಿದದ್ದು ಸೆಲ್ಫ್ ಮೋಟರ್. ತಾಮ್ರ ಬಿಸಿಯಾದಷ್ಟೂ ಕರೆಂಟಿಗೆ ಅಡ್ಡಿ ಜಾಸ್ತಿ ಮಾಡುತ್ತದೆ, ಒಂದು ಡಿಗ್ರಿಗೆ ಸುಮಾರು 0.4 ಪರ್ಸೆಂಟ್. ಸೆಲ್ಫ್ 60 ಡಿಗ್ರಿ ಜಾಸ್ತಿ ಕಾದರೆ ಅಡ್ಡಿ ಕಾಲು ಭಾಗದಷ್ಟು ಏರಿತು ಅಂತ ಲೆಕ್ಕ. ಹೊಸ ಸೆಲ್ಫ್ ಅದನ್ನು ತಡೆದುಕೊಳ್ಳುತ್ತದೆ. ಬುಷ್ ಸವೆದು, ಕಾರ್ಬನ್ ಬ್ರಷ್ ಚೋಟುದ್ದ ಉಳಿದಿದ್ದರೆ ತಡೆಯುವುದಿಲ್ಲ. ಬುಷ್, ಬ್ರಷ್ ಹಾಕಿಸಿದರೆ ಬಹಳ ಸಲ ಮೋಟರ್ ಪೂರ್ತಿ ಬದಲಿಸಬೇಕಾಗಿಲ್ಲ, ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಬಿಚ್ಚಿಸಿ ನೋಡಿ.

ಒಂದು ಮಾತು. ಗಾಡಿ ಕೊಂಡು ಸ್ವಲ್ಪ ದಿನ ಆಗಿದೆ, ಕೊಟ್ಟವರು "ಎಂಜಿನ್ ಈಗಷ್ಟೇ ಮಾಡಿಸೀವ್ರಿ" ಅಂದಿದ್ದರು, ಬಿಸಿಯಲ್ಲಿ ಸೆಲ್ಫ್ ಎಳೆಯುತ್ತಿಲ್ಲ ಅಂದರೆ ಎಂಜಿನ್ ಟೈಟ್ ಕೂರಿಸಿರುವ ಸಾಧ್ಯತೆಯೂ ಉಂಟು. ಆಗ ಟೆಂಪರೇಚರ್ ಮುಳ್ಳು, ಕೂಲೆಂಟ್ ಮಟ್ಟ ಎರಡನ್ನೂ ಒಂದು ವಾರ ಗಮನಿಸಿ.

ಹಂತ 3: ಸೆಲ್ಫ್ ಚುರುಕು, ಎಂಜಿನ್ ಹತ್ತುತ್ತಿಲ್ಲ. ಮೂರು ಸಲ ಕೀಲಿ ಆನ್ ಮಾಡಿ

ಇದು ಪೆಟ್ರೋಲ್ ಗಾಡಿಗೆ. ಡೀಸೆಲ್‌ನವರು ನೇರ ಹಂತ 7ಕ್ಕೆ ಹೋಗಬಹುದು.

ಕುಕ್ಕರ್ ನೆನಪು ಮಾಡಿಕೊಳ್ಳಿ. ಒಳಗೆ ಒತ್ತಡ ಇರುವುದರಿಂದ ನೀರು ನೂರು ಡಿಗ್ರಿ ದಾಟಿದರೂ ನೀರಾಗಿಯೇ ಇರುತ್ತದೆ, ಅಲ್ವಾ. ಪೆಟ್ರೋಲೂ ಹಾಗೇ. ಬಯಲಲ್ಲಿಟ್ಟರೆ 35-40 ಡಿಗ್ರಿಗೇ ಅದರ ಹಗುರ ಭಾಗ ಕುದಿಯಲು ಶುರುವಾಗುತ್ತದೆ. ಎಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರ್‌ಗಳಿಗೆ ಅದನ್ನು ಹಂಚುವ ಕೊಳವೆಗೆ ಫ್ಯೂಯಲ್ ರೈಲ್ ಅನ್ನುತ್ತಾರೆ, ಅದರಲ್ಲಿ ಸಾಮಾನ್ಯವಾಗಿ 3ರಿಂದ 4 ಬಾರ್ ಒತ್ತಡ ಇರುತ್ತದೆ, ಅಂದರೆ ಟೈರಿನ ಗಾಳಿಗಿಂತ ಒಂದೂವರೆ ಎರಡು ಪಟ್ಟು. ಗಾಡಿ ಆಫ್ ಮಾಡಿದ ಮೇಲೂ ಈ ಒತ್ತಡ ಬಹಳ ಹೊತ್ತು ಹಾಗೇ ನಿಲ್ಲಬೇಕು. ಅದನ್ನು ನಿಲ್ಲಿಸುವುದು ಟ್ಯಾಂಕ್ ಒಳಗಿನ ಪಂಪಿನಲ್ಲಿರುವ ಒಂದು ಸಣ್ಣ ಚೆಕ್ ವಾಲ್ವ್, ಬಾವಿ ಮೋಟರಿನ ಫುಟ್ ವಾಲ್ವ್ ಇದ್ದ ಹಾಗೆ. ಫುಟ್ ವಾಲ್ವ್ ಸೋರಿದರೆ ಪೈಪಿನ ನೀರು ವಾಪಸ್ ಇಳಿಯುತ್ತದಲ್ಲ, ಇಲ್ಲೂ ಅದೇ. ಒತ್ತಡ ಇಳಿಯಿತು, ಕಾದ ರೈಲಿನಲ್ಲಿ ಪೆಟ್ರೋಲ್ ಆವಿಯಾಯಿತು, ಇಂಜೆಕ್ಟರ್ ಬಾಯಿ ಬಿಟ್ಟರೆ ಬರೀ ಆವಿ. ಆ ಆವಿಯನ್ನೆಲ್ಲ ದೂಡಿ ಪೆಟ್ರೋಲ್ ಬರುವವರೆಗೆ ಸೆಲ್ಫ್ ಹೊಡೆಯುತ್ತಲೇ ಇರಬೇಕು. ತಣ್ಣಗಿದ್ದಾಗ ಒತ್ತಡ ಇಳಿದಿದ್ದರೂ ಆವಿ ಆಗಿರುವುದಿಲ್ಲ, ಹಾಗಾಗಿ ಮುಂಜಾನೆ ಗೊತ್ತೇ ಆಗುವುದಿಲ್ಲ.

ಈಗ ಪರೀಕ್ಷೆ. ಬಿಸಿಯಲ್ಲಿ 20 ನಿಮಿಷ ನಿಲ್ಲಿಸಿದ ಮೇಲೆ ಸೆಲ್ಫ್ ಹೊಡೆಯದೆ ಕೀಲಿ ಆನ್ ಮಾಡಿ. ಹಿಂದಿನ ಸೀಟಿನ ಕೆಳಗಿಂದ ಎರಡು ಸೆಕೆಂಡ್ "ಝೂಂ" ಅಂತ ಸದ್ದು ಕೇಳಬೇಕು, ಅದು ಪಂಪ್. ಕೆಲವು ಗಾಡಿಗಳಲ್ಲಿ ಕಿವಿಗೊಟ್ಟು ಕೇಳಬೇಕಾಗುತ್ತದೆ, ಎಸಿ ಫ್ಯಾನ್, ಹಾಡು ಎಲ್ಲ ಆಫ್ ಮಾಡಿ. ನಿಂತ ಮೇಲೆ ಕೀಲಿ ಆಫ್. ಹೀಗೆ ಮೂರು ಸಲ. ನಾಲ್ಕನೇ ಸಲ ಸ್ಟಾರ್ಟ್ ಮಾಡಿ. ಥಟ್ಟನೆ ಸ್ಟಾರ್ಟ್ ಆದರೆ ಒತ್ತಡ ಇಳಿಯುತ್ತಿರುವುದು ಖಾತ್ರಿ. ಪಂಪ್ ಸದ್ದೇ ಇಲ್ಲ ಅಂದರೆ ಪಂಪ್ ರಿಲೇ, ಅಂದರೆ ಪಂಪಿಗೆ ಕರೆಂಟ್ ಬಿಡುವ ಸಣ್ಣ ವಿದ್ಯುತ್ ಸ್ವಿಚ್, ನೋಡಿ. ಬಿಸಿಯಲ್ಲಿ ರಿಲೇ ಒಳಗಿನ ಬೆಸುಗೆ ಬಿಡುವುದುಂಟು. ಫ್ಯೂಸ್ ಬಾಕ್ಸಿನಲ್ಲಿ ಹಾರ್ನ್ ರಿಲೇ ಅದೇ ಅಳತೆ, ಅದೇ ನಂಬರಿನದ್ದಾಗಿದ್ದರೆ ಅದಲುಬದಲು ಮಾಡಿ ನೋಡಿದರೆ ಸಾಕು, ಪೈಸೆ ಖರ್ಚಿಲ್ಲ.

ಒತ್ತಡ ಇಳಿಯುತ್ತಿದೆ ಅಂತ ಗೊತ್ತಾದ ಕೂಡಲೇ ಪಂಪ್ ಬದಲಿಸಲು ಓಡಬೇಡಿ. ಇಂಜೆಕ್ಟರ್ ಸೋರಿದರೂ ಒತ್ತಡ ಇಳಿಯುತ್ತದೆ. ಯಾವುದು ಅಂತ ಮುಂದಿನ ಹಂತ ಹೇಳುತ್ತದೆ. ಅಂದ ಹಾಗೆ, ಮೀಟರ್‌ನಲ್ಲಿ ಕಡೆಯ ಗೆರೆಗೆ ಬರುವವರೆಗೆ ಪೆಟ್ರೋಲ್ ಹಾಕದ ಅಭ್ಯಾಸ ಇದ್ದರೆ ಬಿಡಿ. ಆ ಪಂಪ್ ತಣ್ಣಗಿರುವುದೇ ಸುತ್ತಲಿನ ಪೆಟ್ರೋಲಿನಿಂದ.

ಹಂತ 4: ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ನೋಡಿ

ಮತ್ತೊಂದು ದಿನ, ಮತ್ತೆ ಅದೇ ಬಿಸಿ, ಅದೇ 20 ನಿಮಿಷ. ಈ ಸಲ ಆಕ್ಸಿಲರೇಟರ್ ನೆಲಕ್ಕೆ ಮುಟ್ಟುವ ಹಾಗೆ ಒತ್ತಿ ಹಿಡಿದು, ಬಿಡದೆ ಸೆಲ್ಫ್ ಹೊಡೆಯಿರಿ. ಇಂಜೆಕ್ಷನ್ ಇರುವ ಬಹಳಷ್ಟು ಪೆಟ್ರೋಲ್ ಗಾಡಿಗಳಲ್ಲಿ ಹೀಗೆ ಮಾಡಿದರೆ ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪೆಟ್ರೋಲ್ ಬಿಡುವುದನ್ನು ನಿಲ್ಲಿಸಿ ಬರೀ ಗಾಳಿ ಎಳೆಯಲು ಬಿಡುತ್ತದೆ. ಸಿಲಿಂಡರ್‌ಗೆ ಪೆಟ್ರೋಲ್ ಜಾಸ್ತಿಯಾಗಿ ಒದ್ದೆಯಾಗಿದ್ದರೆ ಒಣಗಿಸಲು ಇರುವ ವ್ಯವಸ್ಥೆ ಇದು. ಎಂಜಿನ್ ಹತ್ತಿದ ಕೂಡಲೇ ಕಾಲು ತೆಗೆಯಿರಿ, ಇಲ್ಲದಿದ್ದರೆ ಕಿರುಚುತ್ತದೆ.

ಹೀಗೆ ಸ್ಟಾರ್ಟ್ ಆಯಿತು, ಮೊದಲು ನಾಲ್ಕು ಸಲ ತಡವರಿಸಿತು, ಹಿಂದೆ ಕರಿ ಹೊಗೆ ಬಂತು, ಪೆಟ್ರೋಲ್ ವಾಸನೆ ಬಂತು ಅಂದರೆ ನಿಮ್ಮ ಗಾಡಿಗೆ ಪೆಟ್ರೋಲ್ ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ ತೊಂದರೆ. ಇಂಜೆಕ್ಟರ್ ತೊಟ್ಟಿಕ್ಕುತ್ತಿರಬಹುದು, ಸೆನ್ಸರ್ ಸುಳ್ಳು ಹೇಳುತ್ತಿರಬಹುದು, ಪರ್ಜ್ ವಾಲ್ವ್ (ಇದೇನು ಅಂತ ಹಂತ 6ರಲ್ಲಿದೆ) ತೆರೆದೇ ಇರಬಹುದು. ಹಂತ 3ರಲ್ಲಿ ಥಟ್ಟನೆ ಆಯಿತು, ಇಲ್ಲಿ ಏನೂ ಫರಕಿಲ್ಲ ಅಂದರೆ ಪಂಪಿನ ಚೆಕ್ ವಾಲ್ವ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ. ಗ್ಯಾರೇಜಿನಲ್ಲಿ ಪೆಟ್ರೋಲ್ ಪ್ರೆಶರ್ ಗೇಜ್ ಹಾಕಿಸಿ ಖಚಿತ ಮಾಡಿಕೊಳ್ಳಿ, ಆಫ್ ಮಾಡಿದ ಮೇಲೆ ಮುಳ್ಳು ಎಷ್ಟು ನಿಮಿಷಕ್ಕೆ ಎಷ್ಟು ಇಳಿಯಿತು ಅಂತ ಬರೆದುಕೊಳ್ಳಲು ಹೇಳಿ. ಪೈಪ್ ನೀವೇ ಬಿಚ್ಚಲು ಹೋಗಬೇಡಿ, ಬಿಸಿ ಎಂಜಿನ್ ಮೇಲೆ ಪೆಟ್ರೋಲ್ ಚಿಮ್ಮುತ್ತದೆ.

ಹಂತ 5: ಸ್ಕ್ಯಾನರ್‌ನಲ್ಲಿ ಎರಡೇ ಅಂಕಿ ನೋಡಿ

ಸ್ಕ್ಯಾನರ್ ಸಿಕ್ಕಿದ ಕೂಡಲೇ ಎಲ್ಲರೂ ಕೋಡ್, ಅಂದರೆ ಇಸಿಯು ಬರೆದಿಟ್ಟ ದೋಷದ ನಂಬರ್, ಹುಡುಕುತ್ತಾರೆ. ಕೋಡ್ ಬಂದಿದ್ದರೆ ಒಳ್ಳೆಯದೇ: ಪಿ0335 ಅಂದರೆ ಕ್ರ್ಯಾಂಕ್ ಸೆನ್ಸರ್, ಪಿ0340 ಅಂದರೆ ಕ್ಯಾಮ್ ಸೆನ್ಸರ್, ಪಿ0115ರಿಂದ ಪಿ0118ರವರೆಗೆ ಕೂಲೆಂಟ್ ಸೆನ್ಸರ್. ಆದರೆ ಬಿಸಿಯಲ್ಲಿ ಮಾತ್ರ ಬರುವ ದೋಷ ಎಷ್ಟೋ ಸಲ ಕೋಡ್ ಬಿಡುವುದೇ ಇಲ್ಲ. ಲೈವ್ ಡೇಟಾ ನೋಡಬೇಕು, ಅಂದರೆ ಆ ಕ್ಷಣದ ಅಂಕಿ.

ಮೊದಲನೆಯದು ಕೂಲೆಂಟ್ ಟೆಂಪರೇಚರ್. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಮುಂಜಾನೆ ಕೀಲಿ ಆನ್ ಮಾತ್ರ ಮಾಡಿ ನೋಡಿದರೆ ಕೂಲೆಂಟ್ ಅಂಕಿ, ಒಳಗೆ ಎಳೆಯುವ ಗಾಳಿಯ ಅಂಕಿ ಎರಡೂ ಹೆಚ್ಚುಕಡಿಮೆ ಒಂದೇ ಇರಬೇಕು. ಎಂಜಿನ್ ಚೆನ್ನಾಗಿ ಕಾದ ಮೇಲೆ ಕೂಲೆಂಟ್ 85ರಿಂದ 100ರ ನಡುವೆ ಎಲ್ಲಾದರೂ ನಿಲ್ಲುತ್ತದೆ. ಎಂಜಿನ್ ಕುದಿಯುತ್ತಿದೆ, ಅಂಕಿ ಮಾತ್ರ 30 ತೋರಿಸುತ್ತಿದೆ, ಅಥವಾ ಮೈನಸ್ 40 ತೋರಿಸುತ್ತಿದೆ ಅಂದರೆ ಸಿಕ್ಕಿತು. ಇಸಿಯು ಎಂಜಿನ್ ತಣ್ಣಗಿದೆ ಅಂದುಕೊಂಡು ಪೆಟ್ರೋಲ್ ಸುರಿಯುತ್ತಿದೆ. ರಾಯಚೂರಿನಲ್ಲಿ ಮೈನಸ್ 40 ಯಾವ ಕಾಲಕ್ಕೂ ಇಲ್ಲ, ಅದು ವೈರ್ ಕಿತ್ತು ಹೋಗಿರುವುದರ ಗುರುತು. ಗಂಗಾವತಿ ಕಡೆ ರೈಸ್ ಮಿಲ್ಲಿನ ಅಂಗಳದಲ್ಲಿ ಗಾಡಿ ನಿಲ್ಲಿಸುವವರು ಇಲಿ ಕಡಿದಿದೆಯಾ ಅಂತಲೂ ನೋಡಿ. ಮೀಟರ್ ಬಳಸುವವರಿಗೆ: ಈ ಸೆನ್ಸರ್ ಬಹಳಷ್ಟು ಗಾಡಿಗಳಲ್ಲಿ 20 ಡಿಗ್ರಿಗೆ ಎರಡೂವರೆ ಸಾವಿರ ಓಮ್ ಆಸುಪಾಸು, 80 ಡಿಗ್ರಿಗೆ 300 ಓಮ್ ಆಸುಪಾಸು ತೋರಿಸುತ್ತದೆ.

"ಮುಳ್ಳು ಸರಿಯಾಗೇ ತೋರ್ಸಾಕತ್ತೈತಲ್ರಿ" ಅಂತ ಬಹಳ ಜನ ವಾದ ಮಾಡುತ್ತಾರೆ. ಕೆಲವು ಗಾಡಿಗಳಲ್ಲಿ ಮುಳ್ಳಿಗೆ ಒಂದು ಸೆನ್ಸರ್, ಇಸಿಯುಗೆ ಇನ್ನೊಂದು ಇರುತ್ತದೆ. ಮುಳ್ಳು ಸರಿ ಇದ್ದ ಮಾತ್ರಕ್ಕೆ ಎರಡನೆಯದೂ ಸರಿ ಅಂತಲ್ಲ.

ಎರಡನೆಯ ಅಂಕಿ ಆರ್‌ಪಿಎಂ. ಸೆಲ್ಫ್ ಹೊಡೆಯುತ್ತಿರುವಾಗ ಸ್ಕ್ಯಾನರ್‌ನಲ್ಲಿ 150ರಿಂದ 300ರ ನಡುವೆ ಏನಾದರೂ ಬರಬೇಕು. ಸೆಲ್ಫ್ ಚೆನ್ನಾಗಿ ತಿರುಗುತ್ತಿದೆ, ಅಂಕಿ ಸೊನ್ನೆ ಅಂದರೆ ಕ್ರ್ಯಾಂಕ್ ಸೆನ್ಸರ್ ಮಲಗಿದೆ. ಎಂಜಿನ್ ಎಷ್ಟು ತಿರುಗಿತು, ಯಾವ ಹೊತ್ತಿಗೆ ಕಿಡಿ ಕೊಡಬೇಕು ಅಂತ ಇಸಿಯುಗೆ ಹೇಳುವುದೇ ಅದು. ಅದು ಸುಮ್ಮನಿದ್ದರೆ ಇಸಿಯು ಕಿಡಿಯನ್ನೂ ಕೊಡುವುದಿಲ್ಲ, ಪೆಟ್ರೋಲನ್ನೂ ಬಿಡುವುದಿಲ್ಲ. ಒಳಗಿನ ಕೂದಲೆಳೆ ತಂತಿ ಕಾದು ಹಿಗ್ಗಿದಾಗ ಬಿಡುತ್ತದೆ, ತಣ್ಣಗಾದರೆ ಕೂಡುತ್ತದೆ. ಕೈಗೆ ಎಟುಕುವ ಜಾಗದಲ್ಲಿದ್ದರೆ ಒದ್ದೆ ಬಟ್ಟೆ ಹಿಂಡಿ ಅದರ ಮೇಲೆ ಐದು ನಿಮಿಷ ಇಡಿ. ಆಮೇಲೆ ಥಟ್ಟನೆ ಸ್ಟಾರ್ಟ್ ಆದರೆ ಇದಕ್ಕಿಂತ ಸಾಕ್ಷಿ ಬೇಡ. ಬಾಟಲಿಯಿಂದ ನೇರ ನೀರು ಸುರಿಯಬೇಡಿ, ಕಾದ ಎಂಜಿನ್ ಮೇಲೆ ತಣ್ಣೀರು ಬಿದ್ದರೆ ಬೇರೆ ಖರ್ಚು ಬರುತ್ತದೆ. ಇನ್ನೊಂದು ಗುರುತು: ಈ ದೋಷ ಇದ್ದ ಗಾಡಿ ಕೆಲವೊಮ್ಮೆ ಓಡುತ್ತಾ ಓಡುತ್ತಾ ಆಫ್ ಆಗುತ್ತದೆ. ಹಾಗಾಗುತ್ತಿದ್ದರೆ ಲಾರಿಗಳ ನಡುವೆ ಹೈವೇಯಲ್ಲಿ ಹೋಗುವುದು ಬಿಟ್ಟು ಮೊದಲು ಇದನ್ನು ಬದಲಿಸಿ. ಬದಲಿಸುವಾಗ ಕಂಪನಿಯ ಅಸಲಿ ಸೆನ್ಸರ್ ಹಾಕಿಸಿ. ಅಗ್ಗದ್ದು ತಂದರೆ ಆರು ತಿಂಗಳಿಗೆ ಇದೇ ಲೇಖನ ಮತ್ತೆ ಓದಬೇಕಾಗುತ್ತದೆ.

ಹಂತ 6: ಟ್ಯಾಂಕ್ ತುಂಬಿಸಿದ ಮೇಲೆ ಮಾತ್ರ ಹೀಗಾಗುತ್ತಾ?

ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ ಹೊರಡುವಾಗ ಮಾತ್ರ ಸತಾಯಿಸಿದರೆ ಬೇರೆ ಏನೂ ಹುಡುಕಬೇಡಿ, ಪರ್ಜ್ ವಾಲ್ವ್ ನೋಡಿ. ಟ್ಯಾಂಕಿನ ಆವಿಯನ್ನು ಎಂಜಿನ್ನಿಗೆ ಬಿಡುವ ಸಣ್ಣ ವಿದ್ಯುತ್ ಕವಾಟ ಇದು. ಎಂಜಿನ್ ಆಫ್ ಇದ್ದಾಗ ಮುಚ್ಚಿರಬೇಕು. ಬಿಚ್ಚಿ ಬಾಯಿಂದ ಊದಿದರೆ ಗಾಳಿ ಹಾಯ್ದು ಹೋದರೆ ಕೆಟ್ಟಿದೆ. ಬಂಕಿನವರು ಕಲಬೆರಕೆ ಹಾಕಿದರು ಅಂತ ಅಲ್ಲಿ ಹೋಗಿ ಗಲಾಟೆ ಮಾಡಿದವರನ್ನು ನೋಡಿದ್ದೇನೆ, ದೋಷ ಬಾನೆಟ್ ಒಳಗೇ ಇತ್ತು.

ಹಂತ 7: ಡೀಸೆಲ್ ಗಾಡಿಯಾದರೆ

ಸುಮ್ನೆ ಹೀಟರ್ ಪ್ಲಗ್ ಬದಲಿಸಬೇಡಿ. ಅದು ಎಂಜಿನ್ ತಣ್ಣಗಿದ್ದಾಗ ಕೆಲಸ ಮಾಡುವಂಥದ್ದು, ಕಾದ ಎಂಜಿನ್ನಿಗೂ ಅದಕ್ಕೂ ಸಂಬಂಧವಿಲ್ಲ.

ಸೆಲ್ಫ್ ಹೊಡೆಯುವಾಗ ಒಬ್ಬರು ಹಿಂದೆ ನಿಂತು ಸೈಲೆನ್ಸರ್ ನೋಡಲಿ. ಬಿಳಿ ಅಥವಾ ಬೂದು ಹೊಗೆ ಬರುತ್ತಿದ್ದರೆ ಡೀಸೆಲ್ ಸಿಲಿಂಡರ್‌ಗೆ ಹೋಗುತ್ತಿದೆ, ಉರಿಯುತ್ತಿಲ್ಲ. ಹೊಗೆಯೇ ಇಲ್ಲ ಅಂದರೆ ಡೀಸೆಲ್ಲೇ ಹೋಗುತ್ತಿಲ್ಲ. ಬಿಸಿಯಲ್ಲಿ ಮಾತ್ರ ಬರುವ ತಕರಾರಿನಲ್ಲಿ ಸಾಮಾನ್ಯವಾಗಿ ಎರಡನೆಯದೇ ಇರುತ್ತದೆ.

ಈಗಿನ ಡೀಸೆಲ್‌ಗಳಲ್ಲಿ ಕಾಮನ್ ರೈಲ್ ಇರುತ್ತದೆ, ಒಂದೇ ಕೊಳವೆಯಲ್ಲಿ ಭಾರಿ ಒತ್ತಡದಲ್ಲಿ ಡೀಸೆಲ್ ಇಟ್ಟು ನಾಲ್ಕೂ ಇಂಜೆಕ್ಟರ್‌ಗೆ ಹಂಚುವ ಪದ್ಧತಿ. ಸ್ಟಾರ್ಟ್ ಆಗಲು ಬಹಳಷ್ಟು ಗಾಡಿಗಳಲ್ಲಿ ಸುಮಾರು 200-250 ಬಾರ್ ಒತ್ತಡ ಬರಬೇಕು. ಅಷ್ಟು ಬರುವವರೆಗೆ ಇಸಿಯು ಇಂಜೆಕ್ಟರ್ ತೆರೆಯುವುದೇ ಇಲ್ಲ. ಡೀಸೆಲ್ ಕಾದಷ್ಟೂ ತೆಳ್ಳಗಾಗುತ್ತದೆ, ಒಗ್ಗರಣೆಗಿಟ್ಟ ಎಣ್ಣೆಯ ಹಾಗೆ. ಸವೆದ ಇಂಜೆಕ್ಟರ್‌ನಲ್ಲಿ ತಣ್ಣಗಿನ ದಪ್ಪ ಡೀಸೆಲ್ ಹೇಗೋ ನಿಲ್ಲುತ್ತದೆ, ಕಾದದ್ದು ರಿಟರ್ನ್ ಪೈಪಿನಲ್ಲಿ ಸೋರಿ ವಾಪಸ್ ಹೋಗುತ್ತದೆ, ಒತ್ತಡ ಏರುವುದಿಲ್ಲ. ಸ್ಕ್ಯಾನರ್‌ನಲ್ಲಿ ರೈಲ್ ಪ್ರೆಶರ್ ಅಂಕಿಯನ್ನು ಸೆಲ್ಫ್ ಹೊಡೆಯುವಾಗ ನೋಡಿ. ಏರದೆ ಕೆಳಗೇ ತೂಗುತ್ತಿದ್ದರೆ, ಅಥವಾ ಪಿ0087 ಕೋಡ್ ಇದ್ದರೆ, ಡೀಸೆಲ್ ಪಂಪ್ ಕೆಲಸ ಮಾಡುವವರ ಹತ್ತಿರ ಹೋಗಿ ರಿಟರ್ನ್ ಟೆಸ್ಟ್ ಮಾಡಿಸಿ. ನಾಲ್ಕು ಇಂಜೆಕ್ಟರ್‌ನ ರಿಟರ್ನ್ ಪೈಪಿಗೆ ನಾಲ್ಕು ಸಣ್ಣ ಬಾಟಲಿ ಕಟ್ಟುತ್ತಾರೆ. ಒಂದು ನಿಮಿಷಕ್ಕೆ ಮೂರರಲ್ಲಿ ಬೆರಳಗಲ, ನಾಲ್ಕನೆಯದರಲ್ಲಿ ಅರ್ಧ ಬಾಟಲಿ ತುಂಬಿದರೆ ಯಾವುದು ಕೆಟ್ಟಿದೆ ಅಂತ ಕಣ್ಣಿಗೇ ಕಾಣುತ್ತದೆ, ವಾದ ಮಾಡುವ ಹಾಗಿಲ್ಲ. ಈ ಟೆಸ್ಟನ್ನು ಎಂಜಿನ್ ಬಿಸಿ ಇದ್ದಾಗಲೇ ಮಾಡಿಸಿ. ನಾಲ್ಕೂ ಸಮ ಇದ್ದರೆ ಹೈ ಪ್ರೆಶರ್ ಪಂಪ್, ಪ್ರೆಶರ್ ವಾಲ್ವ್ ಕಡೆ ನೋಡಬೇಕು. ಅದಕ್ಕೂ ಮುಂಚೆ ಡೀಸೆಲ್ ಫಿಲ್ಟರ್ ಬದಲಿಸಿ ಎಷ್ಟು ದಿನ ಆಯಿತು ಅಂತ ಕೇಳಿಕೊಳ್ಳಿ, ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಉತ್ತರ ಸಾಮಾನ್ಯವಾಗಿ ಯಾರಿಗೂ ಗೊತ್ತಿರುವುದಿಲ್ಲ.

ಹೈ ಪ್ರೆಶರ್ ಪೈಪಿನ ನಟ್ ಸಡಿಲ ಮಾಡಿ ಡೀಸೆಲ್ ಬರುತ್ತಾ ಅಂತ ನೋಡುವ ಹಳೆ ಪದ್ಧತಿ ಇಲ್ಲಿ ಬೇಡವೇ ಬೇಡ. ಓಡುವಾಗ ಈ ಒತ್ತಡ ಸಾವಿರ ಬಾರ್ ದಾಟುತ್ತದೆ, ಆ ಸೂಜಿಯಂಥ ಧಾರೆ ಚರ್ಮ ಕೊರೆದು ಒಳಗೆ ಹೋಗುತ್ತದೆ. ಹಾಗಾದರೆ ಸಣ್ಣ ಗಾಯದಂತೆ ಕಂಡರೂ ನೇರ ಆಸ್ಪತ್ರೆಗೆ ಹೋಗಬೇಕು.

ಹಂತ 8: ಗ್ಯಾಸ್ ಕಿಟ್, ಕಾರ್ಬುರೇಟರ್

ಗ್ಯಾಸ್ ಕಿಟ್ ಇದ್ದರೆ ನಿಲ್ಲಿಸುವ ಎರಡು ಕಿಲೋಮೀಟರ್ ಮುಂಚೆ ಪೆಟ್ರೋಲಿಗೆ ಬದಲಿಸಿ. ಆಗ ತೊಂದರೆ ಹೋದರೆ ದೋಷ ಗ್ಯಾಸಿನ ಕಡೆ. ಕಾರ್ಬುರೇಟರ್ ಇರುವ ಹಳೆ ಮಾರುತಿ 800, ಓಮ್ನಿ ಇನ್ನೂ ಇಟ್ಟುಕೊಂಡಿದ್ದರೆ ಆಕ್ಸಿಲರೇಟರ್ ಪಟಪಟ ಒತ್ತಬೇಡಿ, ಒಮ್ಮೆ ಅರ್ಧ ಒತ್ತಿ ಹಿಡಿದು ಸೆಲ್ಫ್ ಹೊಡೆಯಿರಿ. ಕಾವಿಗೆ ಪೆಟ್ರೋಲ್ ಆಗಲೇ ಒಳಗೆ ಉಕ್ಕಿರುತ್ತದೆ, ನೀವು ಒತ್ತಿದಷ್ಟೂ ಇನ್ನೂ ಸೇರುತ್ತದೆ.

ತಳ್ಳಿ ಸ್ಟಾರ್ಟ್ ಮಾಡುವ ಬಗ್ಗೆ ಒಂದು ಮಾತು. ಸೆಲ್ಫ್ ನಿಧಾನ ಇದ್ದಾಗ ಒಂದೆರಡು ಸಲ ಅನಿವಾರ್ಯ ಅಂದರೆ ಪರವಾಗಿಲ್ಲ. ಆಟೋಮ್ಯಾಟಿಕ್ ಗೇರಿನ ಗಾಡಿ ತಳ್ಳಿದರೆ ಏಳುವುದಿಲ್ಲ. ಸೆಲ್ಫ್ ಚುರುಕಾಗಿದ್ದೂ ಎಂಜಿನ್ ಹತ್ತದ ಪೆಟ್ರೋಲ್ ಗಾಡಿಯನ್ನು ದೂರ ತಳ್ಳಿದರೆ ಉರಿಯದ ಪೆಟ್ರೋಲ್ ಸೈಲೆನ್ಸರಿನ ಕ್ಯಾಟಲಿಟಿಕ್ ಕನ್ವರ್ಟರ್‌ಗೆ ಇಳಿಯುತ್ತದೆ, ಹೊಗೆ ಶುದ್ಧ ಮಾಡುವ ಆ ಡಬ್ಬಿ ಈ ಲೇಖನದ ಬಹುತೇಕ ಸಾಮಾನಿಗಿಂತ ದುಬಾರಿ.

ಹಂತ 9: ಇನ್ನೂ ಗಾಡಿ ಕೊಂಡಿಲ್ಲದವರು

ಕೊಳ್ಳುವ ಮುಂಚೆ ಜನ ತಣ್ಣಗಿನ ಸ್ಟಾರ್ಟ್ ನೋಡುತ್ತಾರೆ, ಟೆಸ್ಟ್ ಡ್ರೈವ್ ಹೋಗುತ್ತಾರೆ, ವಾಪಸ್ ಬಂದು ರೇಟಿಗೆ ಕೂರುತ್ತಾರೆ. ಆ ರೇಟಿನ ಮಾತನ್ನೇ ಉಪಯೋಗಿಸಿಕೊಳ್ಳಿ. ಬಂದ ಕೂಡಲೇ ಎಂಜಿನ್ ಆಫ್ ಮಾಡಿ, ಕೀಲಿ ನಿಮ್ಮ ಕೈಯಲ್ಲೇ ಇರಲಿ, ಆರ್‌ಸಿ, ಇನ್ಶೂರೆನ್ಸ್, ಎನ್‌ಒಸಿ ಕಾಗದ ಒಂದೊಂದೇ ನೋಡುತ್ತಾ ಒಂದು ಚಹಾ ಕುಡಿಯಿರಿ. 20 ನಿಮಿಷ ಆದ ಮೇಲೆ ಎದ್ದು ಮತ್ತೊಮ್ಮೆ ಸ್ಟಾರ್ಟ್ ಮಾಡಿ. "ಬಿಸಿಲೈತ್ರಿ, ಎಸಿ ಚಾಲೂ ಇರಲಿ, ಬಂದ್ ಮಾಡಬ್ಯಾಡ್ರಿ" ಅಂತ ಮಾರುವವರು ಪ್ರೀತಿ ತೋರಿಸಿದರೆ ಆ ಪ್ರೀತಿಗೆ ಕಾರಣ ಏನಿರಬಹುದು ಅಂತ ಸ್ವಲ್ಪ ಯೋಚಿಸಿ.

ಹಂತ 10: ಮೆಕ್ಯಾನಿಕ್ ಹತ್ತಿರ ಏನು ಹೇಳಬೇಕು

"ಪಂಪ್ ಬದಲಿಸ್ರಿ ಅಣ್ಣಾ" ಅನ್ನಬೇಡಿ. ನೋಡಿದ್ದನ್ನು ಹೇಳಿ. ಉದಾಹರಣೆಗೆ: "ಅಣ್ಣಾ, ಸೆಲ್ಫ್ ಚಲೋ ತಿರುಗ್ತೈತಿ. ಬಿಸಿಯೊಳಗ 20 ನಿಮಿಷ ನಿಂತ್ರ ಎಂಟು ಸೆಕೆಂಡ್ ಹೊಡಿಬೇಕು. ಮೂರು ಸಲ ಕೀಲಿ ಆನ್ ಮಾಡಿದ್ರ ಪಟ್ನ ಏಳ್ತೈತಿ. ಆಕ್ಸಿಲರೇಟರ್ ಒತ್ತಿದ್ರ ಫರಕಿಲ್ಲ." ಜೊತೆಗೆ ಆ ಎರಡು ವಿಡಿಯೋ ತೋರಿಸಿ. ಒಳ್ಳೆಯ ಮೆಕ್ಯಾನಿಕ್‌ಗೆ ಇಷ್ಟು ಕೇಳಿದರೆ ಅರ್ಧ ಕೆಲಸ ಮುಗಿದ ಹಾಗೆ. ತೆಗೆದ ಹಳೆ ಸಾಮಾನು ವಾಪಸ್ ಕೇಳಿ ಇಟ್ಟುಕೊಳ್ಳಿ, ದೋಷ ಹೋಗದಿದ್ದರೆ ಅದನ್ನೇ ಮತ್ತೆ ಹಾಕಿಸಬಹುದು.

ರಿಪೇರಿ ಆದ ಮೇಲೆ ಗ್ಯಾರೇಜ್ ಮುಂದೆ ಒಮ್ಮೆ ಸ್ಟಾರ್ಟ್ ಮಾಡಿ ಸರಿಯಾಯಿತು ಅಂತ ಬರಬೇಡಿ. ಬಳ್ಳಾರಿಯವರು ಕುಡತಿನಿವರೆಗೆ, ರಾಯಚೂರಿನವರು ಶಕ್ತಿನಗರದವರೆಗೆ, ಕೊಪ್ಪಳದವರು ಮುನಿರಾಬಾದ್‌ವರೆಗೆ ಹೋಗಿ, ಮಧ್ಯಾಹ್ನದ ಹೊತ್ತಿಗೇ ಹೋಗಿ, ಬಿಸಿಲಲ್ಲೇ ನಿಲ್ಲಿಸಿ, ಗಡಿಯಾರ ನೋಡಿ 20 ನಿಮಿಷ ಬಿಟ್ಟು ಕೀಲಿ ತಿರುಗಿಸಿ. ಮುಂಜಾನೆಯ ವಿಡಿಯೋದಲ್ಲಿ ಎಷ್ಟು ಸೆಕೆಂಡ್ ಹಿಡಿದಿತ್ತೋ ಅಷ್ಟರಲ್ಲೇ ಎದ್ದರೆ ಬಾಕಿ ದುಡ್ಡು ಕೊಡಿ.